ಮ್ಯಾಗ್ನೆಟ್ ಅಂಟಲಿಲ್ಲವೆಂದು ನಂಬಿ ಚಹಾ ಜಾಲರಿ ಕೊಳ್ಳಬೇಡಿ

ಎಲೆ ಚಹಾ ಮಾಡಲು ಒಳಗೆ ಎಲೆ ತುಂಬಿ ಬಿಸಿನೀರಿಗೆ ಇಳಿಬಿಡುವ, ಸರಪಳಿ ಇರುವ ತಂತಿ ಜಾಲರಿಯ ಉಂಡೆ ಬಳಸುತ್ತಿದ್ದರೆ ಇವತ್ತೇ ಅದನ್ನು ಬೆಳಕಿಗೆ ಹಿಡಿದು ನೋಡಿ. ರಾಯಚೂರಿನ ನಮ್ಮಂತೆ ಬೋರಿನ ಸವಳು ನೀರು ಬಳಸುವವರಂತೂ ತಪ್ಪದೇ ನೋಡಬೇಕು. ಅಂಥದೊಂದು ಉಂಡೆಯಿಂದ ಕಿತ್ತುಬಂದ ತಂತಿ ಚೂರು ನಮ್ಮ ಮಾವನವರ ಗಂಟಲಿಗೆ ಚುಚ್ಚಿಕೊಂಡಿತ್ತು.

ಸಕ್ಕರೆ ಕಾಯಿಲೆ ಬಂದ ಮೇಲೆ ಅವರು ಹಾಲು, ಸಕ್ಕರೆ ಹಾಕಿದ ಚಹಾ ಬಿಟ್ಟು ನೀಲಗಿರಿ ಬೆಟ್ಟದ ಎಲೆ ಚಹಾ ಕುಡಿಯತೊಡಗಿದ್ದರು. ಬಜಾರಿನ ಪಾತ್ರೆ ಅಂಗಡಿಯವರು ಉಂಡೆಗೆ ಮ್ಯಾಗ್ನೆಟ್ ಹಚ್ಚಿ ತೋರಿಸಿ, "ನೋಡ್ರೀ ಅಕ್ಕಾರ, ಅಂಟಂಗಿಲ್ಲ. ಪಕ್ಕಾ ಸ್ಟೀಲ್ ಐತಿ" ಎಂದರು. ಬೇಸಿಗೆ ಮುಗಿಯುವಷ್ಟರಲ್ಲಿ ಕೀಲಿನ ಸುತ್ತ ಕಂದು ಕಲೆ ಎದ್ದಿತು. ತಿಕ್ಕಿದರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಒಂದು ಬೆಳಿಗ್ಗೆ ಮಾವನವರು ಕಪ್ಪು ಕೆಳಗಿಟ್ಟು, "ಗಂಟಲದಾಗ ಏನೋ ಚುಚ್ಚಿದಂಗಾತವ್ವಾ" ಎಂದರು. ಉಗುಳಿದಾಗ ರಕ್ತ. ಕಿವಿ-ಮೂಗು-ಗಂಟಲು ಡಾಕ್ಟರು ಚಿಮಟದಿಂದ ತೆಗೆದ ಆ ಚೂರು ಕೂದಲಿನಷ್ಟು ಸಣ್ಣದು, ಆದರೆ ತುದಿ ಚೂಪು. ಒಳಗೆ ಇಳಿದಿದ್ದರೆ ಅನ್ನನಾಳಕ್ಕೋ ಕರುಳಿಗೋ ನೆಟ್ಟುಕೊಳ್ಳಬಹುದಿತ್ತು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಮ್ಯಾಗ್ನೆಟ್ ಪರೀಕ್ಷೆಯನ್ನು ನಂಬುವಂತಿಲ್ಲ. ಒಳ್ಳೆಯ 304 ದರ್ಜೆಯ ಸ್ಟೀಲಿನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ಅಗ್ಗದ 201 ದರ್ಜೆಯಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಮ್ಯಾಗ್ನೆಟ್ ಅದಕ್ಕೂ ಅಂಟುವುದಿಲ್ಲ, ಮೇಲೆ ಹೊಳಪು ಲೇಪಿಸಿದ ಹಿತ್ತಾಳೆಗೂ ಅಂಟುವುದಿಲ್ಲ. ಇನ್ನೊಂದು ಕಡೆ, ಅಪ್ಪಟ 304 ಸ್ಟೀಲನ್ನೇ ಸಣ್ಣ ತಂತಿಯಾಗಿ ಎಳೆದಾಗ ಅದು ಅಲ್ಪಸ್ವಲ್ಪ ಅಂಟಬಹುದು. ಸವಳು ನೀರಿನ ಕ್ಲೋರೈಡ್ ಸ್ಟೀಲಿನ ಮೇಲಿನ ರಕ್ಷಣಾ ಪದರವನ್ನು ತಿಂದು ಸಣ್ಣ ಸಣ್ಣ ಗುಳಿ ಮಾಡುತ್ತದೆ. ಕಡಿಮೆ ದರ್ಜೆಯದು ಬೇಗ ಸೋಲುತ್ತದೆ. ನೀರು ನಿಲ್ಲುವ ಕೀಲು, ಅಂಚು ಮೊದಲು ಹಾಳಾಗುತ್ತವೆ.

ಇಷ್ಟೆಲ್ಲ ಆಗಿ, ಆ ಉಂಡೆಯಲ್ಲಿ ಚಹಾ ಕೂಡ ಚೆನ್ನಾಗಿ ಆಗುತ್ತಿರಲಿಲ್ಲ. ನೆನೆದ ಎಲೆ ಹಲವು ಪಟ್ಟು ಉಬ್ಬುತ್ತದೆ. ಅರಳಲು ಜಾಗವಿಲ್ಲದೆ ಒತ್ತಿಕೊಂಡರೆ ನೀರು ನಡುವಿನ ಎಲೆಗೆ ಮುಟ್ಟುವುದೇ ಇಲ್ಲ.

ಕೊಳ್ಳುವುದಾದರೆ ಕಪ್ಪಿನ ತಳದವರೆಗೆ ಇಳಿಯುವ ಅಗಲ ಬುಟ್ಟಿಯಂಥದ್ದನ್ನು ಕೊಳ್ಳಿ. ನೇಯ್ದ ತಂತಿಯದು ಬೇಡ. ಸ್ಟೀಲ್ ತಗಡಿನಲ್ಲೇ ಸಣ್ಣ ತೂತು ಕೊರೆದದ್ದಿರಲಿ, ಅದರಲ್ಲಿ ಕಿತ್ತುಬರಲು ತಂತಿಯೇ ಇರುವುದಿಲ್ಲ. ಕೀಲು, ಸ್ಪ್ರಿಂಗ್, ಸರಪಳಿ ಇರಬಾರದು. 304 ಎಂದು ಅಚ್ಚಾಗಿರಬೇಕು, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಪ್ಲಾಸ್ಟಿಕ್ ಜಾಲರಿಯದು ನನಗೆ ಬೇಡವೇ ಬೇಡ. 2019ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಟೀ ಬ್ಯಾಗನ್ನು 95 ಡಿಗ್ರಿ ನೀರಿನಲ್ಲಿ ನೆನೆಸಿದಾಗ ಒಂದೇ ಬ್ಯಾಗಿನಿಂದ ಸುಮಾರು 1,160 ಕೋಟಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಟ್ಟವೆಂದು ವರದಿ ಮಾಡಿದ್ದರು.

ನಾವೀಗ ಚೀನಿ ಮಣ್ಣಿನ ಮುಚ್ಚಳದ ಪಾತ್ರೆಯಲ್ಲಿ ಎರಡು ಗ್ರಾಂನಷ್ಟು ಎಲೆ ಹಾಕಿ, ಒಂದು ಕಪ್ ಬಿಸಿನೀರು ಸುರಿದು, ಮೂರ್ನಾಲ್ಕು ನಿಮಿಷ ಬಿಟ್ಟು ಸೋಸುತ್ತೇವೆ. ನಿತ್ಯದ ಹರಳು ಚಹಾಪುಡಿಗೆ ಇಂಥ ಬುಟ್ಟಿ ಬೇಡ, ತೂತಿನಿಂದ ಪುಡಿ ಇಳಿದುಬಿಡುತ್ತದೆ.

ಮನೆಯ ಸೋಸುವ ಜಾಲರಿಯನ್ನೂ ಪರೀಕ್ಷಿಸಿ. ಒಣಗಿದ ಮೇಲೆ ಹತ್ತಿಯನ್ನು ಒಳಗೂ ಹೊರಗೂ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ತಂತಿ ತುಂಡಾಗಿದೆ ಎಂದರ್ಥ, ಅದನ್ನು ಎಸೆದುಬಿಡಿ. ನಮಗೆ ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ಅಂಗಡಿಯವರು "ನಮ್ಮ ಮಾಲೇ ಅಲ್ಲ" ಎಂದುಬಿಟ್ಟರು. ನಿಮ್ಮಲ್ಲಿ ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.