ಗೆರ್ನಿಕಾ: ಚಿತ್ರಕ್ಕಿಂತ ಮೊದಲು ನೋಡಬೇಕಾದದ್ದು

ಮ್ಯಾಡ್ರಿಡ್‌ನ ರೀನಾ ಸೋಫಿಯಾ ವಸ್ತುಸಂಗ್ರಹಾಲಯಕ್ಕೆ ಹೋದವರು ಪಿಕಾಸೊನ ‘ಗೆರ್ನಿಕಾ’ದ ಮುಂದೆ ನಿಲ್ಲದೆ ಬರುವುದು ಅಪರೂಪ, ಆದರೆ ಈ ಪ್ರದರ್ಶನದ ನಿಜವಾದ ಹೆಚ್ಚುಗಾರಿಕೆ ಇರುವುದು ಅದರ ಜೊತೆಗಿಟ್ಟಿರುವ ಕರಡು ಚಿತ್ರಗಳಲ್ಲಿ ಹಾಗೂ ಪಿಕಾಸೊನ ಸಂಗಾತಿಯಾಗಿದ್ದ ಛಾಯಾಗ್ರಾಹಕಿ ಡೋರಾ ಮಾರ್ ತೆಗೆದ ಛಾಯಾಚಿತ್ರಗಳಲ್ಲಿ ಎಂದು ನಾನು ಭಾವಿಸುತ್ತೇನೆ.

ಸ್ಪೇನ್‌ನ ಅಂತರ್ಯುದ್ಧದ ವೇಳೆ, 1937ರ ಏಪ್ರಿಲ್ 26ರಂದು ಜರ್ಮನಿ ಮತ್ತು ಇಟಲಿಯ ವಿಮಾನಗಳು ಆ ದೇಶದ ಉತ್ತರದಲ್ಲಿರುವ ಬಾಸ್ಕ್ ಪ್ರದೇಶದ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಸುರಿದ ಕೆಲವೇ ದಿನಗಳಲ್ಲಿ ಪಿಕಾಸೊ ಪ್ಯಾರಿಸ್‌ನಲ್ಲಿ ಈ ಕೃತಿಯನ್ನು ಆರಂಭಿಸಿದನು. ಅದು ಹಂತಹಂತವಾಗಿ ಬದಲಾದ ಬಗೆಯನ್ನು ಡೋರಾಳ ಛಾಯಾಚಿತ್ರಗಳು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ: ನೆಲಕ್ಕೊರಗಿದ ಯೋಧನ ಮುಷ್ಟಿ ಮೊದಲು ಆಕಾಶದತ್ತ ಎದ್ದಿತ್ತು, ಬಳಿಕ ಅದರ ಹಿಂದೆ ಸೂರ್ಯ ಕಾಣಿಸಿಕೊಂಡಿತು, ಕೊನೆಗೆ ಮುಷ್ಟಿ ಅಳಿದುಹೋಗಿ ಮೇಲ್ಭಾಗದಲ್ಲಿ ವಿದ್ಯುತ್ ದೀಪವೊಂದು ಉಳಿಯಿತು. ಗೆಲುವಿನ ಸುಳಿವನ್ನು ಕಲಾವಿದ ತಾನೇ ಅಳಿಸಿಹಾಕಿದ್ದನ್ನು ಕಂಡ ಮೇಲೆ ಮೂಲಚಿತ್ರದ ಭಾರ ಬೇರೆಯೇ ಆಗಿಬಿಡುತ್ತದೆ.

ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲದ ಈ ಕಪ್ಪು, ಬಿಳಿ, ಬೂದು ಬಣ್ಣಗಳ ಚಿತ್ರವನ್ನು ದೂರದಿಂದ ನೋಡಿದವರು ಎರಡು ವಿವರಗಳನ್ನು ತಪ್ಪಿಸಿಕೊಳ್ಳುವ ಸಾಧ್ಯತೆಯಿದೆ. ಕುದುರೆಯ ಮೈಯನ್ನು ಪತ್ರಿಕೆಯ ಅಕ್ಷರಗಳ ಸಾಲಿನಂತೆ ಸಣ್ಣ ಗೀಟುಗಳು ತುಂಬಿವೆ. ಮುರಿದ ಕತ್ತಿ ಹಿಡಿದ ಕೈಯ ಪಕ್ಕದಲ್ಲಿ ತೆಳುರೇಖೆಯ ಒಂದು ಹೂವಿದೆ. ಜನಸಂದಣಿಯಿದ್ದರೂ ಸರದಿ ಕಾದು ಇವನ್ನು ನೋಡಲೇಬೇಕು.

ನ್ಯೂಯಾರ್ಕಿನಿಂದ 1981ರಲ್ಲಿ ಸ್ಪೇನ್‌ಗೆ ಬಂದ ಚಿತ್ರ 1992ರಿಂದ ಇಲ್ಲಿದೆ. ಹೋಗುವವರು ಛಾಯಾಚಿತ್ರಗಳಿಂದ ಆರಂಭಿಸಿ, ಕರಡುಗಳಲ್ಲಿರುವ ಅಳುವ ತಾಯಂದಿರ ಮುಖಗಳನ್ನು ಸಾವಧಾನವಾಗಿ ನೋಡಿ, ಆನಂತರವೇ ದೊಡ್ಡ ಚಿತ್ರದ ಮುಂದೆ ನಿಲ್ಲುವುದು ಉತ್ತಮ.