ಅಲಾರಾಂ, ಗೋಡೆ ಕ್ಯಾಲೆಂಡರ್, ಬೆಳಗಿನ ಚಹಾ: ದಿನವೂ ನೆನಪಿಸುವುದು ಯಾವುದು?

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥ ಹಲವರಿಗೆ ಮಲಯಾಳದ ಮಾತು ಕಿವಿಗೆ ಒಗ್ಗಿದಷ್ಟು ಸುಲಭವಾಗಿ ಅಕ್ಷರ ಕಣ್ಣಿಗೆ ಒಗ್ಗುವುದಿಲ್ಲ. ಬಸ್ಸಿನ ಬೋರ್ಡಿಗೂ ಪಂಚಾಯತಿನ ನೋಟೀಸಿಗೂ ಪಕ್ಕದವರ ಮುಖ ನೋಡಿ ನೋಡಿ ಸಾಕಾಗಿ, ದಿನಕ್ಕೆ ಮಲಯಾಳ ಪತ್ರಿಕೆಯ ಒಂದೇ ಒಂದು ತಲೆಬರಹ ಓದುವುದೆಂದು ನಿಶ್ಚಯಿಸಿದೆ. ಎರಡು ಓದಿದರೆ ಲಾಭ, ಕಡ್ಡಾಯವಲ್ಲ. ಇಷ್ಟು ಸಣ್ಣ ಕೆಲಸವನ್ನೂ ಯಾರಾದರೂ ನೆನಪಿಸಬೇಕಲ್ಲ! ಮೂರು ದಾರಿಗಳನ್ನು ಒಂದಾದ ಮೇಲೊಂದರಂತೆ ಹಿಡಿದು ನೋಡಿದೆ.

ಮೊದಲು ಮೊಬೈಲ್ ಅಲಾರಾಂ, ರಾತ್ರಿ ಎಂಟಕ್ಕೆ. ಅದಕ್ಕೆ ಗಂಟೆ ಗೊತ್ತು, ನನ್ನ ಪಾಡು ಗೊತ್ತಿಲ್ಲ. ಊಟಕ್ಕೆ ಕೈ ಹಾಕಿದಾಗ ಬಡಿದುಕೊಳ್ಳುತ್ತದೆ, ಬದಿಯಡ್ಕದ ಬಸ್ಸಿನಲ್ಲಿ ನೇತಾಡುತ್ತಿರುವಾಗಲೂ ಬಡಿದುಕೊಳ್ಳುತ್ತದೆ. ಕೊನೆಗೆ ಗಟ್ಟಿಯಾಗಿ ನಿಂತ ಅಭ್ಯಾಸವೆಂದರೆ ಅಲಾರಾಂ ಆರಿಸುವುದು. ರಕ್ತದೊತ್ತಡದ ಮಾತ್ರೆಯಂಥ, ಹೊತ್ತಿಗೆ ಸರಿಯಾಗಿ ಆಗಬೇಕಾದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಓದಿಗೆ ಬೇಡ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಓದಿದ ದಿನಕ್ಕೆ ಗೀಟು ಹಾಕುವುದು ಎರಡನೆಯದು. ಸಾಲಾಗಿ ಗೀಟು ಬಿದ್ದದ್ದನ್ನು ನೋಡುವ ಖುಷಿ ನಿಜವಾದದ್ದೇ. ಆದರೆ ಕ್ಯಾಲೆಂಡರ್ ಶಾನುಭೋಗನಿದ್ದಂತೆ: ಲೆಕ್ಕ ಬರೆಯುತ್ತದೆ, ಎಬ್ಬಿಸುವುದಿಲ್ಲ. (ಅದೇ ಚೌಕದಲ್ಲಿ ಅಮ್ಮನ ಹಾಲಿನ ಲೆಕ್ಕವೂ ಇತ್ತು. ತಿಂಗಳ ಕೊನೆಗೆ ಯಾವ ಗೀಟು ಹಾಲಿನದು, ಯಾವುದು ಓದಿನದು ಎಂಬ ಸಣ್ಣ ವ್ಯಾಜ್ಯ.) ನೆಂಟರ ಮನೆಯ ಒಕ್ಕಲಿಗೆ ಹೋಗಿ ಬಂದಾಗ ಖಾಲಿ ಚೌಕಗಳು ಕಣ್ಣಿಗೆ ಚುಚ್ಚಿ, ಮತ್ತೆ ಶುರು ಮಾಡುವ ಮನಸ್ಸೇ ಹೋಗುತ್ತಿತ್ತು. ಈ ಕೊರಗಿಗೆ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಅವಕಾಶ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಿರಲಿಲ್ಲ. ಅಭ್ಯಾಸ ನೆಲೆಗೊಳ್ಳಲು ಸರಾಸರಿ 66 ದಿನ, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254ರವರೆಗೆ. 21 ದಿನ ಸಾಕೆನ್ನುವವರ ಮಾತನ್ನು ನಾನು ಅಂದಿನಿಂದ ನಂಬುವುದನ್ನು ಬಿಟ್ಟೆ.

ಮೂರನೆಯದರಲ್ಲಿ ಉಪಕರಣವೇ ಇಲ್ಲ. ಪತ್ರಿಕೆಯನ್ನು ಮಡಚಿ ಚಹಾಪುಡಿಯ ಡಬ್ಬಿಯ ಕೆಳಗಿಡುವುದು, ಲೋಟ ಕೈಗೆ ಬಂದ ಕೂಡಲೇ ತಲೆಬರಹ ಓದುವುದು. ಆಟಿಯ ಮಳೆಗೆ ಕರೆಂಟು ಹೋಗಿ ಮೊಬೈಲ್ ಸತ್ತುಬಿದ್ದ ದಿನವೂ ಚಹಾ ತಪ್ಪುವುದಿಲ್ಲ, ಹಾಗಾಗಿ ಓದೂ ತಪ್ಪಲಿಲ್ಲ. ದಿನನಿತ್ಯಕ್ಕೆ ನನ್ನ ಮತ ಇದಕ್ಕೇ.

ಇದರ ಮಿತಿ ತಿಳಿದದ್ದು ಓದು ಸ್ವಲ್ಪ ಮುಂದುವರಿದ ಮೇಲೆ. ಸ್ವರವಿಲ್ಲದ ನ್, ರ್, ಲ್‌ಗಳಿಗೆ ಮಲಯಾಳದಲ್ಲಿ ಚಿಲ್ಲು ಎಂಬ ಬೇರೆಯೇ ಅಕ್ಷರಗಳಿವೆ. ಅವು ಚಹಾದ ಜೊತೆಗೇ ಬಂದವು. ಆದರೆ ಹಳೆಯ ಲಿಪಿಯಲ್ಲಿ ಉಕಾರ, ಊಕಾರಗಳು ವ್ಯಂಜನಕ್ಕೆ ಅಂಟಿಕೊಂಡು ಅದರ ರೂಪವನ್ನೇ ಬದಲಿಸುತ್ತವೆ. 1971ರ ಲಿಪಿ ಸುಧಾರಣೆ ಅವನ್ನು ಬಿಡಿಸಿ ಪಕ್ಕಕ್ಕಿಟ್ಟಿತಾದರೂ ಎರಡೂ ರೂಪಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಅವನ್ನು ಬರೆದು ಬರೆದೇ ಕಲಿಯಬೇಕು. ಅಷ್ಟರಲ್ಲಿ ಚಹಾ ಆರಿ ನೀರಾಗುತ್ತದೆ. ಅದಕ್ಕೆ ಭಾನುವಾರ ಮಧ್ಯಾಹ್ನದ ಅರ್ಧ ಗಂಟೆ ಮೀಸಲು. ಆ ಹೊತ್ತಿಗೆ ಮಾತ್ರ ಅಲಾರಾಂ ಉಳಿಸಿಕೊಂಡಿದ್ದೇನೆ. ಕ್ಯಾಲೆಂಡರನ್ನು ಹಾಲಿನ ಲೆಕ್ಕಕ್ಕೇ ಬಿಟ್ಟುಕೊಟ್ಟಿದ್ದೇನೆ.