ಬೆನ್ನಿಗೆ ಬೆಂಕಿ ಕಪ್ ಹಾಕಿಸಿಕೊಳ್ಳುವ ಮುಂಚೆ ಇದನ್ನು ಓದಿ

ಚೀನಾಗೆ ವ್ಯಾಪಾರಕ್ಕೆ ಹೋಗುವವರಿಗೆ ಈ ಮಾತು. ಅಕ್ಟೋಬರ್‌ನ ಕ್ಯಾಂಟನ್ ಮೇಳಕ್ಕೆ ಅಂತ ಗ್ವಾಂಗ್‌ಝೌಗೆ ಹೋಗಿದ್ದೆ. ನಾಲ್ಕು ದಿನ ಸ್ಟಾಲಿಂದ ಸ್ಟಾಲಿಗೆ ಅಲೆದು ಬೆನ್ನು ಹಿಡಿದುಕೊಂಡಿತ್ತು. ಹೋಟೆಲ್ ಪಕ್ಕದಲ್ಲೇ ಒಂದು ಮಸಾಜ್ ಅಂಗಡಿ. ಬಾಗಿಲಲ್ಲಿ, ಬೆನ್ನ ತುಂಬಾ ಗಾಜಿನ ಕಪ್ ಅಂಟಿಸಿಕೊಂಡವನ ಫೋಟೊ. 'ಬಾ ಗ್ವಾನ್' ಅಂತಾರೆ ಅದಕ್ಕೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಮೈಮೇಲೆ ನೇರಳೆ ಗುರುತುಗಳಿದ್ದವಲ್ಲ, ಅದೇ. ನಮ್ಮಜ್ಜಿಯೂ ಬಟ್ಟಿ ಬಿದ್ದರೆ ಹೊಟ್ಟೆ ಮೇಲೆ ದೀಪ ಇಟ್ಟು ಚೊಂಬು ಕವುಚುತ್ತಿದ್ದಳು. ಇದೂ ಅಂಥದ್ದೇ ಅಂದುಕೊಂಡು ಬೋರಲು ಮಲಗಿದೆ.

ಹುಡುಗ ಇಕ್ಕಳದಲ್ಲಿ ಹತ್ತಿ ಹಿಡಿದು, ಸ್ಪಿರಿಟ್‌ಗೆ ಅದ್ದಿ ಹೊತ್ತಿಸಿ, ಕಪ್ ಒಳಗೆ ಒಂದು ಸುತ್ತು ಆಡಿಸಿ ತೆಗೆದು, ಟಪ್ ಅಂತ ಬೆನ್ನಿಗೆ ಒತ್ತುತ್ತಿದ್ದ. ಒಳಗಿನ ಗಾಳಿ ತಣ್ಣಗಾದಂತೆ ಕಪ್ ಚರ್ಮವನ್ನು ಮೇಲಕ್ಕೆ ಎಳೆಯುತ್ತದೆ. ಕಪ್ ಬೆಚ್ಚಗಿರಬೇಕೇ ಹೊರತು ಸುಡಬಾರದು. ಇವನ ಹತ್ತಿ ಹಿಂಡಿರಲಿಲ್ಲ, ಸ್ಪಿರಿಟ್ ತೊಟ್ಟಿಕ್ಕುತ್ತಿತ್ತು. ಪಕ್ಕದ ಕನ್ನಡಿಯಲ್ಲಿ ಕಾಣಿಸಿತು, ಆದರೂ ಸುಮ್ನಿದ್ದೆ. ನಾಲ್ಕನೇ ಕಪ್ ಇಟ್ಟಾಗ ಕಾದ ಕಾವಲಿ ತಗುಲಿದ ಹಾಗಾಯ್ತು.

ನನಗೆ ಗೊತ್ತಿದ್ದದ್ದು 'ಥಂಗ್' ಅನ್ನೋ ಒಂದೇ ಪದ, ನೋವು ಅಂತ. ಕಿರುಚಿದೆ. ಅವನು ಸಮಾಧಾನವಾಗಿ ತಲೆಯಾಡಿಸಿದ. ಎಳೆತದ ನೋವು ಇದ್ದದ್ದೇ ಅಲ್ವಾ! ಸುಡ್ತಿದೆ ಅನ್ನೋಕೆ 'ಥಾಂಗ್' ಅನ್ನಬೇಕಂತೆ, ಆಮೇಲೆ ಹೋಟೆಲ್ ಹುಡುಗಿ ಹೇಳಿದಳು. ಒಂದು ದೀರ್ಘಕ್ಕೆ ನನ್ನ ಬೆನ್ನು ಹೋಯ್ತು.

ಕಪ್ ಕಿತ್ತಾಗ ನೆಲ್ಲಿಕಾಯಿ ಗಾತ್ರದ ಎರಡು ಬೊಬ್ಬೆ. ವಿಷ ಹೊರಗೆ ಬರ್ತಿದೆ ಅಂತ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದ. ಶುದ್ಧ ಸುಳ್ಳು. ಆ ನೇರಳೆ ಗುರುತು ಚರ್ಮದಡಿ ಸಣ್ಣ ರಕ್ತನಾಳ ಒಡೆದು ಆದದ್ದು, ಬೊಬ್ಬೆ ಸುಟ್ಟು ಬಂದದ್ದು. ವಿಷ ಎಲ್ಲಿಂದ ಬರಬೇಕು?

ನನಗೆ ಶುಗರ್ ಇದೆ. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಾಯ ಮಾಯೋಕೆ ಒಂದು ತಿಂಗಳಾಯ್ತು, ಬೆಂಗಳೂರಲ್ಲಿ ಡಾಕ್ಟರ್ ಹತ್ತಿರ ಬೈಸಿಕೊಂಡಿದ್ದು ಬೇರೆ. ಬೆನ್ನುನೋವು? ನಿಜ ಹೇಳಬೇಕಂದ್ರೆ ಎರಡು ದಿನ ಹಗುರ ಅನ್ನಿಸಿತು. ಮೂರನೇ ದಿನ ಮತ್ತೆ ಅದೇ ರಾಗ.

ಶುಗರ್ ಇರುವವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಹೋಗಲೇಬೇಡಿ. ಉಳಿದವರಿಗೆ ಮಾಡಿಸಲೇಬೇಕು ಅನ್ನಿಸಿದರೆ ಬೆಂಕಿಯಿಲ್ಲದ ಪಂಪ್ ಕಪ್ ಕೇಳಿ, ಅದೂ ಸಿಗುತ್ತೆ. ಸುಟ್ಟರೆ 20 ನಿಮಿಷ ನಲ್ಲಿ ನೀರು ಬಿಡಿ, ಬೊಬ್ಬೆ ಒಡೆಯಬೇಡಿ. ಅವರು ಎಣ್ಣೆ ಹಚ್ಚೋಕೆ ಬಂದರೆ 'ಬು ಯಾವ್' ಅನ್ನಿ. ಬೇಡ ಅಂತ ಅರ್ಥ.